ನಿನ್ನೆ 33 ಹೊಡೆಸಿದ್ದು, ಇವತ್ತು 27: ತಪ್ಪು ಸೆನ್ಸರಿನದ್ದಾ, ಟೈರಿನದ್ದಾ?

ಜೂನ್ ತಿಂಗಳ ಒಂದು ಬೆಳಿಗ್ಗೆ ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಮೇಲೆ ಉಡುಪಿಗೆ ಹೊರಟಿದ್ದೆವು. ಕಾರಿನಲ್ಲಿ ಅಪ್ಪಯ್ಯ, ಭಾವ ಮತ್ತು ನಾನು. ಹಿಂದಿನ ಸಂಜೆ ಭದ್ರಾವತಿಯಿಂದ ಬರುವಾಗ ದಾರಿಯಲ್ಲೇ ಬಂಕಿಗೆ ಹೋಗಿ ನಾಲ್ಕೂ ಟೈರಿಗೆ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಹೊಡೆಸಿದ್ದೆ. ಚಕ್ರದೊಳಗಿನ ಸೆನ್ಸರ್ ಅಳೆದ ಒತ್ತಡ ನಮ್ಮ ಕಾರಿನ ಮೀಟರ್ ಬೋರ್ಡಿನಲ್ಲಿ ಕಾಣುತ್ತದೆ. ಬೆಳಿಗ್ಗೆ ಗೇಟು ದಾಟುವಾಗ ಅಲ್ಲಿ ನಾಲ್ಕೂ ಕಡೆ 32 ಇತ್ತು. ಒಂದು ಕಮ್ಮಿ, ಇರಲಿ ಅಂದುಕೊಂಡೆ. ಮುಖ್ಯ ರಸ್ತೆಗೆ ಬಂದು ಸ್ವಲ್ಪ ವೇಗ ಹಿಡಿದ ಮೇಲೆ ನಂಬರ್ ಬದಲಾಯಿತು. ಮೂರು ಚಕ್ರಕ್ಕೆ 29, ಬಲಗಡೆ ಹಿಂದಿನದಕ್ಕೆ 27.

"ಆ ಸೆನ್ಸರ್ ನಂಬಬೇಡಿ ಭಾವ, ನಮ್ಮ ಕಾರಿನಲ್ಲೂ ಹಿಂಗೇ. ಸುಮ್ನೆ ಹೆದರಿಸುತ್ತೆ" ಅಂದರು ಭಾವ. ಹಿಂದೆ ಕೂತಿದ್ದ ಅಪ್ಪಯ್ಯ ಮಾತ್ರ ಒಪ್ಪಲಿಲ್ಲ. "ಘಾಟಿ ಇಳಿಯೋದಿದೆ ಮಾರಾಯ, ವಾಪಸ್ ತಿರುಗಿಸು. ನೋಡಿಕೊಂಡೇ ಹೋಗೋಣ."

ತಿರುಗಿಸಿದೆ. ಮನೆಯಲ್ಲಿದ್ದ, ಗಾಳಿ ಅಳೆಯುವ ಗೇಜು ಹಿಡಿದು ನೋಡಿದರೆ 30, 30, 30, 28. ಅಂದರೆ ಒಂದೇ ಟೈರಿಗೆ ನಿನ್ನೆ ಗೇಜಿನಲ್ಲಿ 33, ಇವತ್ತು ಮೀಟರಿನಲ್ಲಿ 27. ಆರು ಪಿಎಸ್‌ಐ ವ್ಯತ್ಯಾಸ. ಆ ಆರರಲ್ಲಿ ಮೂರು ಬಿಸಿಯದ್ದು, ಒಂದು ನಮ್ಮೂರಿನ ಎತ್ತರದ್ದು. ನಿಜವಾಗಿ ಸೋರಿ ಹೋದದ್ದು ಎರಡೇ. ಸೆನ್ಸರ್ ಸುಳ್ಳು ಹೇಳಿರಲಿಲ್ಲ, ಬಂಕಿನವರೂ ಮೋಸ ಮಾಡಿರಲಿಲ್ಲ. ಮೂರು ಬೇರೆ ಬೇರೆ ಕಾರಣ ಒಂದೇ ನಂಬರಿನಲ್ಲಿ ಕೂತಿದ್ದವು. ಅವನ್ನು ಬಿಡಿಸಿ ನೋಡುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಇದು ಗೊತ್ತಿರಲೇಬೇಕು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಮಳೆಗಾಲದಲ್ಲಿ ಮಂಜು ಬೇರೆ. ಅಲ್ಲಿ ಟೈರ್ ಕೂತರೆ ಕಾರು ಪಕ್ಕಕ್ಕೆ ನಿಲ್ಲಿಸಲೂ ಜಾಗ ಸಿಗುವುದು ಕಷ್ಟ. ಅದರ ಮೇಲೆ, 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಟ್ಯೂಬ್‌ಲೆಸ್ ಟೈರ್, ಪ್ರೆಶರ್ ಸೆನ್ಸರ್ ಮತ್ತು ಪಂಕ್ಚರ್ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿ ಇಲ್ಲದ ಕಾರು ನಿಮ್ಮದಾದರೆ ಆ ಸೆನ್ಸರೇ ನಿಮಗೆ ಆಧಾರ.

ಮೊದಲು: ನೋಡುತ್ತಿರುವುದು ಇವತ್ತಿನ ನಂಬರಾ?

ಕಂಪನಿಯಿಂದ ಬರುವ ಸೆನ್ಸರ್ ಚಕ್ರದ ಒಳಗೆ, ವಾಲ್ವ್ ಬುಡದಲ್ಲಿ ಇರುತ್ತದೆ. ಅದರ ಬ್ಯಾಟರಿ ಬದಲಾಯಿಸಲು ಬರುವುದಿಲ್ಲ, ಒಳಗೇ ಸೀಲ್ ಮಾಡಿರುತ್ತಾರೆ. ಬ್ಯಾಟರಿ ಉಳಿಸಲು ಕಾರು ನಿಂತಾಗ ಸೆನ್ಸರ್ ನಿದ್ದೆಗೆ ಹೋಗುತ್ತದೆ. ಚಕ್ರ ತಿರುಗಿ ಸ್ವಲ್ಪ ವೇಗ ಬಂದ ಮೇಲೆ ಎದ್ದು ರೇಡಿಯೋ ಸಿಗ್ನಲ್ ಕಳಿಸುತ್ತದೆ. ಅಲ್ಲಿಯವರೆಗೆ ಕೆಲವು ಕಾರು ಬರೀ ಗೀಟು ತೋರಿಸುತ್ತವೆ. ಕೆಲವು ನಿನ್ನೆಯ ಕೊನೆಯ ನಂಬರನ್ನೇ ಹಿಡಿದುಕೊಂಡಿರುತ್ತವೆ. ನಮ್ಮದು ಎರಡನೇ ಜಾತಿ. ಗೇಟಿನಲ್ಲಿ ಕಂಡ 32 ಹಿಂದಿನ ಸಂಜೆಯದ್ದು.

ಆದ್ದರಿಂದ ಅಂಗಳದಲ್ಲೇ ಕೂತು ಮೀಟರ್ ಒಂದು ಕಡೆ, ಗೇಜು ಒಂದು ಕಡೆ ಹಿಡಿದು ಹೋಲಿಸಿದರೆ ಪ್ರಯೋಜನವಿಲ್ಲ. ಒಂದು ಕಿಲೋಮೀಟರ್ ನಿಧಾನವಾಗಿ ಓಡಿಸಿ, ನಂಬರ್ ಹೊಸದಾದ ಮೇಲೆ ವಾಪಸ್ ಬಂದು ಗೇಜು ಹಿಡಿಯಿರಿ. ಅಷ್ಟು ದೂರಕ್ಕೆ ಟೈರ್ ಹೆಚ್ಚು ಬಿಸಿಯಾಗುವುದಿಲ್ಲ.

ಬಿಸಿ ಗಾಳಿ, ತಣ್ಣನೆ ಗಾಳಿ

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಇರುವ 33, 35 ಎಲ್ಲ ತಣ್ಣನೆ ಟೈರಿನ ಲೆಕ್ಕ. ಕಾರು ಕಮ್ಮಿ ಅಂದರೂ ಮೂರು ಗಂಟೆ ನಿಂತಿರಬೇಕು. ಓಡಿದ್ದರೂ ಒಂದೂವರೆ ಕಿಲೋಮೀಟರ್ ಮೀರಿರಬಾರದು.

ಗಾಳಿ 10 ಡಿಗ್ರಿ ಬಿಸಿಯಾದರೆ 33ರ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ತಣ್ಣಗಾದರೆ ಅಷ್ಟೇ ಇಳಿಯುತ್ತದೆ. ನಾನು ಭದ್ರಾವತಿಯಿಂದ ಬಂದ ಸಂಜೆ ಟೈರಿನೊಳಗಿನ ಗಾಳಿ 45 ಡಿಗ್ರಿಯಷ್ಟಿತ್ತು ಅಂತ ಇಟ್ಟುಕೊಳ್ಳಿ. ಮಳೆ ಬಂದ ಬೆಳಿಗ್ಗೆ 22 ಡಿಗ್ರಿ. ಲೆಕ್ಕ ಹಾಕಿದರೆ 33 ಇದ್ದದ್ದು 30ರ ಹತ್ತಿರ ಬರಲೇಬೇಕು. ನಾಲ್ಕರಲ್ಲಿ ಮೂರು ಟೈರಿಗೆ ಬಂದದ್ದೂ 30. ಎಲ್ಲ ಟೈರೂ ಒಟ್ಟಿಗೆ ಇಳಿದಿದ್ದರೆ ಮೊದಲು ಸಂಶಯ ಪಡಬೇಕಾದ್ದು ಬಿಸಿಯನ್ನೇ. ನಾಲ್ಕು ಟೈರು ಒಂದೇ ರಾತ್ರಿ ಒಂದೇ ಸಮನೆ ಸೋರುವುದು ಅಪರೂಪ.

ಇನ್ನೊಂದು ಸಣ್ಣ ವಿಷಯ. ಅಂಗಳದಲ್ಲಿ ಕಾರಿನ ಒಂದು ಬದಿ ಬಿಸಿಲಿಗೆ, ಇನ್ನೊಂದು ಬದಿ ಮನೆಯ ನೆರಳಿಗೆ ನಿಂತಿದ್ದರೆ ಬಿಸಿಲು ಬಿದ್ದ ಬದಿಯ ಎರಡು ಟೈರು ಒಂದೆರಡು ಪಿಎಸ್‌ಐ ಜಾಸ್ತಿ ತೋರಿಸುತ್ತವೆ. ಅದೂ ದೋಷವಲ್ಲ. ಬೆಳಗಿನ ಆರು ಗಂಟೆಗೆ, ಬಿಸಿಲು ಬೀಳುವ ಮೊದಲು ನೋಡುವ ಅಭ್ಯಾಸ ಒಳ್ಳೆಯದು.

ಗೇಜನ್ನೂ ಒಮ್ಮೆ ಅನುಮಾನಿಸಿ

ಸೆನ್ಸರ್ ತಪ್ಪು ಅನ್ನುವವರು ಸಾಮಾನ್ಯವಾಗಿ ಗೇಜು ಸರಿ ಅಂತಲೇ ನಂಬಿರುತ್ತಾರೆ. ಚಕ್ರದ ಒಳಗಿನ ಸೆನ್ಸರ್ ಸಾಮಾನ್ಯವಾಗಿ ಒಂದೆರಡು ಪಿಎಸ್‌ಐ ಒಳಗೆ ಸರಿ ಇರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ನೂರು ಸಲ ನೆಲಕ್ಕೆ ಬಿದ್ದ ಪೆನ್ನಿನಂಥ ಗೇಜು ಅಷ್ಟು ಸರಿ ಇರುತ್ತದೆ ಅನ್ನುವ ಭರವಸೆ ಇಲ್ಲ.

ಒಂದೇ ಟೈರಿಗೆ ಒಂದರ ಹಿಂದೆ ಒಂದು ಮೂರು ಗೇಜು ಹಿಡಿದು ನೋಡಿ. ನಿಮ್ಮದು, ಪಕ್ಕದ ಮನೆಯವರದ್ದು, ಬಂಕಿನದ್ದು. ಎರಡು ಹತ್ತಿರ ಬಂದು ಒಂದು ದೂರ ಉಳಿದರೆ ಆ ದೂರದ್ದನ್ನು ಬಿಡಿ. ಗೇಜು ಹಿಡಿಯುವಾಗ ವಾಲ್ವಿಗೆ ನೇರವಾಗಿ ಒತ್ತಬೇಕು. ಓರೆಯಾದರೆ ಸುಸ್ ಅಂತ ಗಾಳಿ ಹೋಗುತ್ತಲೇ ಇರುತ್ತದೆ, ನಂಬರೂ ಕಮ್ಮಿ ಬರುತ್ತದೆ. ಅದೇ ಗೇಜಿನಿಂದ ಅದೇ ಟೈರಿಗೆ ಎರಡು ಸಲ ನೋಡಿ. ಎರಡೂ ಸಲ ಒಂದೇ ಬರದಿದ್ದರೆ ಹಿಡಿದದ್ದು ಸರಿಯಾಗಿಲ್ಲ, ಇಲ್ಲವೇ ಗೇಜು ಹಾಳಾಗಿದೆ.

ಮೀಟರ್ ಪಿಎಸ್‌ಐ ಬದಲು ಬಾರ್ ಅನ್ನುವ ಅಳತೆಯಲ್ಲಿದ್ದರೆ ಇನ್ನೊಂದು ಗೊಂದಲ. 2.2 ಅಂದರೆ 32 ಪಿಎಸ್‌ಐ, 2.3 ಅಂದರೆ 33ಕ್ಕೂ ಸ್ವಲ್ಪ ಮೇಲೆ. ನಡುವೆ ಬೇರೆ ನಂಬರೇ ಇಲ್ಲ. ಒಂದು ಮೆಟ್ಟಿಲು ಇಳಿದರೆ ಒಂದೂವರೆ ಪಿಎಸ್‌ಐ ಹೋದ ಹಾಗೆ ಕಾಣುತ್ತದೆ, ನಿಜಕ್ಕೂ ಹೋಗಿರುವುದು ಕಾಲು ಪಿಎಸ್‌ಐ ಇರಬಹುದು. ಸೆಟ್ಟಿಂಗಿನಲ್ಲಿ ಪಿಎಸ್‌ಐಗೆ ಬದಲಾಯಿಸಿಕೊಳ್ಳಿ.

ಶಿವಮೊಗ್ಗದಲ್ಲಿ ಒಂದು ಕಮ್ಮಿ, ಉಡುಪಿಯಲ್ಲಿ ಸರಿ

ನನಗೆ ತುಂಬಾ ಆಶ್ಚರ್ಯ ತಂದ ಭಾಗ ಇದು. ನಮ್ಮ ಕಾರಿನ ನಾಲ್ಕೂ ಸೆನ್ಸರ್ ಯಾವಾಗಲೂ ಗೇಜಿಗಿಂತ ಒಂದು ಕಮ್ಮಿ ತೋರಿಸುತ್ತಿದ್ದವು. ನಾಲ್ಕೂ ಒಂದೇ ಅಳತೆಗೆ ಕೆಡುವುದು ಹೇಗೆ ಸಾಧ್ಯ?

ನಾವು 33 ಅನ್ನುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಟೈರಿನೊಳಗೆ ಎಷ್ಟು ಜಾಸ್ತಿ ಇದೆ ಅನ್ನುವ ಲೆಕ್ಕ. ಕೈಯಲ್ಲಿ ಹಿಡಿಯುವ ಗೇಜಿನ ಒಂದು ಬದಿಗೆ ಟೈರಿನ ಗಾಳಿ, ಇನ್ನೊಂದು ಬದಿಗೆ ಹೊರಗಿನ ಗಾಳಿ ತಾಗುತ್ತದೆ. ಹಾಗಾಗಿ ವ್ಯತ್ಯಾಸ ತಾನಾಗಿಯೇ ಬರುತ್ತದೆ. ಚಕ್ರದೊಳಗಿನ ಸೆನ್ಸರಿಗೆ ಹೊರಗಿನ ಗಾಳಿ ತಾಗುವುದಿಲ್ಲ. ಅದು ಒಳಗಿನ ಪೂರ್ತಿ ಒತ್ತಡವನ್ನೇ ಅಳೆಯುತ್ತದೆ. ಅದರಿಂದ ಹೊರಗಿನ ಒತ್ತಡ ಕಳೆಯುವ ಕೆಲಸ ಕಾರಿನ ಕಂಪ್ಯೂಟರಿನದ್ದು. ಕೆಲವು ಕಾರು ಆಯಾ ಜಾಗದ ಒತ್ತಡ ತಿಳಿದು ಕಳೆಯುತ್ತವೆ. ಕೆಲವು ಎಲ್ಲೇ ಇದ್ದರೂ ಸಮುದ್ರಮಟ್ಟದ 14.7 ಅನ್ನೇ ಕಳೆದುಬಿಡುತ್ತವೆ.

ಶಿವಮೊಗ್ಗ ಇರುವುದು ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿಯ ಒತ್ತಡ 13.7 ಪಿಎಸ್‌ಐ ಆಸುಪಾಸು. 13.7 ಕಳೆಯುವಲ್ಲಿ 14.7 ಕಳೆದರೆ ಉತ್ತರದಲ್ಲಿ ಒಂದು ಕಮ್ಮಿ ಬರುತ್ತದೆ ಅಲ್ವಾ? ಆಗುಂಬೆ ಇನ್ನೂ ಸ್ವಲ್ಪ ಮೇಲೆ, 640 ಮೀಟರ್ ದಾಟುತ್ತದೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1930 ಮೀಟರ್. ಅಂಥ ಎತ್ತರಕ್ಕೆ ಹೋದರೆ ವ್ಯತ್ಯಾಸ ಮೂರರ ಹತ್ತಿರ ಬರುತ್ತದೆ.

ಪರೀಕ್ಷೆ ಸುಲಭ. ತಣ್ಣನೆ ಟೈರಿನಲ್ಲಿ ಊರಲ್ಲಿ ಒಮ್ಮೆ ಗೇಜು ಮತ್ತು ಮೀಟರ್ ಎರಡನ್ನೂ ಬರೆದಿಟ್ಟುಕೊಳ್ಳಿ. ಘಾಟಿ ಇಳಿದು ಕರಾವಳಿಯಲ್ಲಿ ಒಂದು ರಾತ್ರಿ ತಂಗಿದರೆ ಬೆಳಿಗ್ಗೆ ಇನ್ನೊಮ್ಮೆ ನೋಡಿ. ವ್ಯತ್ಯಾಸ ಅಲ್ಲಿ ಮಾಯವಾದರೆ ನಿಮ್ಮ ಕಾರು 14.7 ಕಳೆಯುವ ಜಾತಿ. ಸೆನ್ಸರ್ ಸರಿ ಇದೆ, ಬದಲಾಯಿಸಲು ಹೋಗಬೇಡಿ. ಊರಲ್ಲಿ ಮೀಟರಿಗೆ ಒಂದು ಸೇರಿಸಿ ಓದಿಕೊಂಡರಾಯಿತು.

ಒಂದೇ ಟೈರ್ ಕಮ್ಮಿ ಇದ್ದರೆ

ಬಿಸಿಯ ಮೂರು ಕಳೆಯಿತು, ಎತ್ತರದ ಒಂದು ಕಳೆಯಿತು. ಉಳಿದ ಎರಡು ಬಲಗಡೆ ಹಿಂದಿನ ಟೈರಿನಲ್ಲಿ ಮಾತ್ರ. ಗೇಜಿನಲ್ಲೂ ಅದೇ ಟೈರ್ ಎರಡು ಕಮ್ಮಿ, ಮೀಟರಿನಲ್ಲೂ ಅದೇ ಟೈರ್ ಎರಡು ಕಮ್ಮಿ. ಹೀಗೆ ಎರಡೂ ಒಂದೇ ಕಡೆ ಬೊಟ್ಟು ಮಾಡಿದರೆ ಇನ್ನು ಸೆನ್ಸರಿನ ಮೇಲೆ ಅನುಮಾನ ಬೇಡ. ಗಾಳಿ ಸೋರುತ್ತಿದೆ.

ಎಚ್ಚರಿಕೆ ದೀಪ ಹತ್ತಿಲ್ಲವಲ್ಲ ಅಂತ ಭಾವ ಕೇಳಿದರು. ದೀಪ ಅಷ್ಟು ಬೇಗ ಹತ್ತುವುದಿಲ್ಲ. ಎಲ್ಲ ಹೊಸ ಕಾರಿಗೂ 2007ರಿಂದ ಇದನ್ನು ಕಡ್ಡಾಯ ಮಾಡಿದ ಅಮೆರಿಕದ ನಿಯಮ ಕೇಳುವುದು, ಚೀಟಿಯ ಲೆಕ್ಕಕ್ಕಿಂತ ನೂರಕ್ಕೆ 25 ಭಾಗ ಕಮ್ಮಿಯಾದಾಗ ಎಚ್ಚರಿಸಬೇಕು ಅಂತ. ಆ ಲೆಕ್ಕದಲ್ಲಿ 33ರ ಟೈರು 25ಕ್ಕೆ ಇಳಿಯುವವರೆಗೆ ದೀಪ ಸುಮ್ಮನಿರಬಹುದು. 27, 28ರಲ್ಲಿ ಜನ ತುಂಬಿಕೊಂಡು ಘಾಟಿ ಇಳಿದರೆ ಟೈರಿನ ಗೋಡೆ ಬಗ್ಗಿ ಬಗ್ಗಿ ಬಿಸಿಯಾಗುತ್ತದೆ. ದೀಪ ಕಾಯಬೇಡಿ, ನಂಬರ್ ನೋಡಿ.

ಒಂದು ಮಗ್ಗಿನಲ್ಲಿ ಸೋಪಿನ ನೀರು ಕಲೆಸಿ, ಹಳೆಯ ಪೇಂಟ್ ಬ್ರಷ್ ತಗೊಂಡು ಕೂತೆ. ಮೊದಲು ವಾಲ್ವ್ ಬಾಯಿ. ಏನೂ ಇಲ್ಲ. ಆಮೇಲೆ ವಾಲ್ವ್ ಬುಡ, ರಿಮ್ ಅಂಚು. ನಮ್ಮ ರಸ್ತೆಗಳಲ್ಲಿ ಮಳೆಗಾಲದ ಗುಂಡಿಗೆ ಬಿದ್ದು ರಿಮ್ ಬಾಗುತ್ತದೆ, ಇಲ್ಲವೇ ಅಂಚಿಗೆ ಕೆಮ್ಮಣ್ಣು ಸೇರಿ ಅಲ್ಲಿಂದ ಸಣ್ಣಗೆ ಗಾಳಿ ಹೋಗುತ್ತದೆ. ಅಲ್ಲೂ ಗುಳ್ಳೆ ಬರಲಿಲ್ಲ. ಕಾರನ್ನು ಗೇಣು ಗೇಣು ಮುಂದೆ ಸರಿಸುತ್ತಾ ಟೈರಿನ ಮೈಗೆ ಹಚ್ಚುತ್ತಾ ಹೋದೆ. ಹೊರಗಿನಿಂದ ಎರಡನೇ ಸಾಲಿನ ತೋಡಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು. ಒಡೆಯಿತು. ಇನ್ನೊಂದು ಎದ್ದಿತು. ಬೆರಳಿನಿಂದ ಒರೆಸಿ ನೋಡಿದರೆ ರಬ್ಬರಿಗೆ ಸಮನಾಗಿ ಮುರಿದ ಕಪ್ಪು ಚುಕ್ಕಿ, ಬಿದಿರು ಮುಳ್ಳಿನ ತುದಿ. ಹಿಂದಿನ ವಾರ ತೋಟದ ಬೇಲಿ ಪಕ್ಕ ಕಾರು ತಿರುಗಿಸಿದ್ದು ನೆನಪಾಯಿತು.

ಮುಳ್ಳನ್ನು ಅಲ್ಲೇ ಕೀಳಬೇಡಿ. ಅದೇ ಬಿರಡೆಯ ಹಾಗೆ ಕೂತಿರುತ್ತದೆ. ಗಾಳಿ ತುಂಬಿಸಿಕೊಂಡು ನಿಧಾನವಾಗಿ ಪಂಕ್ಚರ್ ಅಂಗಡಿಗೆ ಹೋಗಿ. ನಮ್ಮ ಅಂಗಡಿಯ ಹುಡುಗ ಟೈರ್ ಮುಟ್ಟುವ ಮೊದಲೇ ಕೇಳಿದ: "ಸಾರ್, ಒಳಗೆ ಸೆನ್ಸರ್ ಇದ್ಯಾ? ಮೊದಲೇ ಹೇಳಿಬಿಡಿ, ಮಷಿನ್‌ಗೆ ಹಾಕಿದರೆ ಮುರಿಯುತ್ತೆ." ಅವನು ಕೇಳಿದ್ದು ಸರಿ. ಕೇಳದಿದ್ದರೆ ನೀವೇ ಹೇಳಬೇಕು. ಟೈರನ್ನು ರಿಮ್ಮಿನಿಂದ ಬಿಡಿಸುವ ಪಟ್ಟಿ ವಾಲ್ವ್ ಹತ್ತಿರ ಒತ್ತಿದರೆ ಸೆನ್ಸರಿನ ಪ್ಲಾಸ್ಟಿಕ್ ಉಳಿಯುವುದಿಲ್ಲ. ನಮ್ಮದು ಸಣ್ಣ ತೂತು, ಹೊರಗಿನಿಂದಲೇ ಸ್ಟ್ರಿಪ್ ಹಾಕಿ ಮುಗಿಯಿತು.

ಪಂಕ್ಚರ್ ಆಗದ ಹಾಗೆ ಟೈರಿನೊಳಗೆ ದ್ರವ ಸುರಿಸಿಕೊಳ್ಳುವವರು ಜಾಸ್ತಿಯಾಗಿದ್ದಾರೆ. ಸೆನ್ಸರ್ ಇರುವ ಚಕ್ರಕ್ಕೆ ಅದು ಬೇಡ ಅಂತಲೇ ನನ್ನ ಅಭಿಪ್ರಾಯ. ಗಾಳಿ ಒಳಗೆ ಹೋಗಲು ಸೆನ್ಸರಿಗಿರುವುದು ಒಂದು ಪುಟ್ಟ ತೂತು. ಆ ಅಂಟು ತೂತಿಗೆ ಮೆತ್ತಿಕೊಂಡರೆ ಸೆನ್ಸರ್ ಟೈರಿನೊಳಗಿನ ಒತ್ತಡ ಗುರುತಿಸುವುದಿಲ್ಲ. ಗಾಳಿ ಬಿಟ್ಟರೂ ಹೊಡೆದರೂ ಒಂದೇ ನಂಬರಿಗೆ ಅಂಟಿಕೊಂಡಿರುವ ಸೆನ್ಸರ್ ಕಂಡರೆ ಮೊದಲು ಈ ಪ್ರಶ್ನೆ ಕೇಳಿ.

ನಂಬರ್ ಸರಿ, ಚಕ್ರ ತಪ್ಪು

ಗೇಜಿನಲ್ಲಿ ಎಡಗಡೆ ಮುಂದಿನದು ಕಮ್ಮಿ, ಮೀಟರಿನಲ್ಲಿ ಬಲಗಡೆ ಹಿಂದಿನದು ಕಮ್ಮಿ. ಹೀಗಿದ್ದರೆ ಚಕ್ರಗಳನ್ನು ಹಿಂದೆ ಮುಂದೆ ಬದಲಾಯಿಸಿದ್ದಾರೆ, ಆದರೆ ಕಾರಿಗೆ ಹೇಳಿಲ್ಲ. ಪ್ರತಿ ಸೆನ್ಸರಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಚಕ್ರ ಎಲ್ಲಿಗೆ ಹೋದರೂ ಹಳೆಯ ಜಾಗದ ಹೆಸರಿನಲ್ಲೇ ಅದು ಮಾತಾಡುತ್ತದೆ. ಕೆಲವು ಕಾರು ಓಡುತ್ತಾ ತಾವೇ ಕಲಿಯುತ್ತವೆ, ಕೆಲವಕ್ಕೆ ಸರ್ವಿಸ್ ಸೆಂಟರಿನಲ್ಲಿ ಕಲಿಸಬೇಕು. ಖಾತ್ರಿ ಮಾಡಿಕೊಳ್ಳಲು ಒಂದು ಟೈರಿನಿಂದ ಮೂರು ಪಿಎಸ್‌ಐ ಬಿಟ್ಟು ಮನೆ ಹತ್ತಿರವೇ ಒಂದು ಸುತ್ತು ಓಡಿಸಿ. ಯಾವ ಜಾಗದ ನಂಬರ್ ಇಳಿಯಿತು ಅಂತ ನೋಡಿ, ತಕ್ಷಣ ವಾಪಸ್ ತುಂಬಿಸಿ.

ನಿಜವಾಗಿ ಸೆನ್ಸರೇ ಕೆಟ್ಟಾಗ

ಕುದುರೆ ಲಾಳದ ಆಕಾರದ ಹಳದಿ ದೀಪ ಹೇಗೆ ಹತ್ತುತ್ತದೆ ನೋಡಿ. ಶುರುವಿನಿಂದಲೇ ಒಂದೇ ಸಮ ಉರಿದರೆ ಗಾಳಿ ಕಮ್ಮಿ. ಒಂದು ಒಂದೂವರೆ ನಿಮಿಷ ಮಿಟುಕಿ, ಆಮೇಲೆ ಉರಿಯುತ್ತಾ ನಿಂತರೆ ಸೆನ್ಸರ್ ವ್ಯವಸ್ಥೆಯಲ್ಲೇ ದೋಷ. ಐದರಿಂದ ಹತ್ತು ವರ್ಷದ ಕಾರಾದರೆ ಬ್ಯಾಟರಿ ಮುಗಿದಿರುವ ಸಾಧ್ಯತೆ ಜಾಸ್ತಿ. ಚಳಿಯ ಬೆಳಿಗ್ಗೆ ನಂಬರ್ ಕಾಣೆಯಾಗಿ ಮಧ್ಯಾಹ್ನ ಬಂದರೆ ಅದು ಸಾಯುತ್ತಿರುವ ಬ್ಯಾಟರಿಯ ಲಕ್ಷಣ. ಯಾವಾಗ ಅಂದರೆ ಆವಾಗ ಗೀಟು ಬರುತ್ತಿದ್ದರೆ ಅಗ್ಗದ ಮೊಬೈಲ್ ಚಾರ್ಜರ್, ಡ್ಯಾಶ್‌ಕ್ಯಾಮ್ ಎಲ್ಲ ಕಿತ್ತು ಒಂದು ದಿನ ಓಡಿಸಿ ನೋಡಿ. ಅವುಗಳ ಗದ್ದಲದಲ್ಲಿ ಸೆನ್ಸರಿನ ಸಣ್ಣ ಸಿಗ್ನಲ್ ಕೇಳದೆ ಹೋಗುತ್ತದೆ.

ಹೊಸ ಸೆನ್ಸರ್ ತರಿಸುವಾಗ ಫ್ರೀಕ್ವೆನ್ಸಿ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್. ಅಮೆರಿಕದ ಎಷ್ಟೋ ಕಾರಿನದ್ದು 315, ಅದನ್ನು ತಂದರೆ ನಮ್ಮ ಕಾರು ಗುರುತಿಸುವುದಿಲ್ಲ. ಅಲ್ಯೂಮಿನಿಯಂ ವಾಲ್ವಿಗೆ ಹಿತ್ತಾಳೆ ಕ್ಯಾಪ್ ಹಾಕಲೇಬೇಡಿ. ಮಲೆನಾಡಿನ ಮಳೆಗೆ ಎರಡೂ ಒಂದಕ್ಕೊಂದು ಹಿಡಿದುಕೊಂಡು, ಬಿಚ್ಚಲು ಹೋದರೆ ವಾಲ್ವೇ ಮುರಿಯುತ್ತದೆ. ಪ್ಲಾಸ್ಟಿಕ್ ಕ್ಯಾಪ್ ಸಾಕು.

ಆಮೇಲೆ ಹಾಕಿಸಿದ ಕ್ಯಾಪ್ ಸೆನ್ಸರ್

ವಾಲ್ವಿನ ತುದಿಗೆ ತಿರುಗಿಸಿ ಕೂರಿಸುವ, ಸೋಲಾರ್ ಡಿಸ್ಪ್ಲೇ ಇರುವ ಕಿಟ್ಟುಗಳನ್ನು ನಮ್ಮ ಕಡೆ ಬಹಳ ಜನ ಹಾಕಿದ್ದಾರೆ. ಅದು ವಾಲ್ವ್ ಪಿನ್ನನ್ನು ಸದಾ ಒತ್ತಿ ಹಿಡಿದಿರುತ್ತದೆ. ಅಂದರೆ ಗಾಳಿಯನ್ನು ತಡೆದಿರುವುದು ಸೆನ್ಸರಿನೊಳಗಿನ ಸಣ್ಣ ರಬ್ಬರ್ ರಿಂಗ್ ಒಂದೇ. ಅದರಲ್ಲಿ ಮಣ್ಣಿನ ಕಣ ಸಿಕ್ಕಿದರೆ ಸೆನ್ಸರಿನಿಂದಲೇ ಸೋರಿಕೆ. ಗಾಳಿ ತುಂಬಿಸಿದಾಗೆಲ್ಲ ಅಲ್ಲಿಗೆ ಸೋಪಿನ ನೀರು ಹಚ್ಚಿ. ಬಿಚ್ಚಿ ಕೈಯಲ್ಲಿ ಹಿಡಿದಾಗ ಡಿಸ್ಪ್ಲೇ 0 ತೋರಿಸಬೇಕು. 2 ತೋರಿಸಿದರೆ ಟೈರಿಗೆ ಹಾಕಿದಾಗಲೂ ಎರಡು ಜಾಸ್ತಿಯೇ ತೋರಿಸುತ್ತಿದೆ ಅಂತ ತಿಳಿಯಿರಿ.

ನಂಬರೇ ಇಲ್ಲದೆ ಬರೀ ದೀಪ ಇರುವ ಕಾರಿನಲ್ಲಿ ಒತ್ತಡ ಅಳೆಯುವ ಸೆನ್ಸರೇ ಇಲ್ಲದಿರಬಹುದು. ಬ್ರೇಕಿನ ಎಬಿಎಸ್ ವ್ಯವಸ್ಥೆ ಅಳೆಯುವ ಚಕ್ರಗಳ ವೇಗ ನೋಡಿ, ಗಾಳಿ ಕಮ್ಮಿಯಾದ ಟೈರ್ ಜಾಸ್ತಿ ಸುತ್ತು ತಿರುಗುವುದನ್ನು ಅಂಥ ಕಾರು ಗುರುತಿಸುತ್ತದೆ. ತಣ್ಣನೆ ಟೈರಿಗೆ ಸರಿಯಾಗಿ ಗಾಳಿ ತುಂಬಿದ ಮೇಲೆಯೇ ರಿಸೆಟ್ ಮಾಡಿ. ಕಮ್ಮಿ ಗಾಳಿಯಲ್ಲಿ ರಿಸೆಟ್ ಮಾಡಿದರೆ ಅದೇ ಸರಿ ಅಂತ ಕಾರು ಕಲಿತುಬಿಡುತ್ತದೆ.

ಕೊಯ್ಲಿನ ಕಾಲಕ್ಕೆ ಇನ್ನೊಂದು ಮಾತು. ಹಿಂದೆ ಎರಡು ಮೂಟೆ ಅಡಿಕೆ ಹಾಕಿದರೂ ಮೀಟರಿನ ನಂಬರ್ ಹೆಚ್ಚೇನೂ ಏರುವುದಿಲ್ಲ. ಭಾರ ಜಾಸ್ತಿಯಾಯಿತು ಅಂತ ಸೆನ್ಸರ್ ಹೇಳುವುದಿಲ್ಲ, ಟೈರಿನ ಹೊಟ್ಟೆ ಮಾತ್ರ ಉಬ್ಬುತ್ತದೆ. ಬಾಗಿಲ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಬೇರೆ ಲೆಕ್ಕವಿದ್ದರೆ ಮೊದಲೇ ಅಷ್ಟು ತುಂಬಿಸಿಕೊಳ್ಳಿ.

ಸರಿಯಾಯಿತು ಅಂತ ಹೇಗೆ ತಿಳಿಯುವುದು

ಅವತ್ತು ಹೊರಡಲಿಲ್ಲ. ತಣ್ಣನೆ ಟೈರಿಗೆ ನಾಲ್ಕಕ್ಕೂ 33 ತುಂಬಿಸಿ, ಮೂರು ದಿನ ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಗೇಜಿನಿಂದ ನೋಡಿ ಚೀಟಿಯಲ್ಲಿ ಬರೆದೆ. ಮೂರೂ ದಿನ ಗೇಜಿನಲ್ಲಿ ನಾಲ್ಕಕ್ಕೂ 33, ಮೀಟರಿನಲ್ಲಿ 32. ನಾಲ್ಕನೇ ದಿನ ಘಾಟಿ ಇಳಿದೆವು. ಮಾರನೇ ಬೆಳಿಗ್ಗೆ ಉಡುಪಿಯಲ್ಲಿ ಅಪ್ಪಯ್ಯನೇ ಗೇಜು ಹಿಡಿದರು, ಭಾವ ಒಂದು ಸುತ್ತು ಓಡಿಸಿಕೊಂಡು ಬಂದು ಮೀಟರ್ ಓದಿದರು. ಗೇಜಿನಲ್ಲಿ 33, ಮೀಟರಿನಲ್ಲೂ 33.